ಹೊರಸಿನ ಕೆಳಗಿನ ಲಾಳಿ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಚೆಚೀಲ ಹೊತ್ತವನಿಗೆ ನಾಯಿ ಎಂದರೆ ಏನು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಸೈಕಲ್ ಮೇಲೆ ಕಾಗದ, ಮನಿಯಾರ್ಡರ್ ಹಂಚುತ್ತಿದ್ದಾಗ ಯಾವ ಮನೆಯಲ್ಲಿ ಎಂಥ ನಾಯಿ ಇದೆ, ಅದು ಬರೀ ಬೊಗಳುತ್ತದೋ ಕಚ್ಚಿಯೇ ಬಿಡುತ್ತದೋ ಎಂಬುದು ನನಗೆ ಮನೆಯ ಯಜಮಾನರ ಹೆಸರಿಗಿಂತ ಚೆನ್ನಾಗಿ ನೆನಪಿರುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಒಂದು ನಾಯಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ಆಗಿನ ಲಸಿಕೆ ಈಗಿನಂತಲ್ಲ. ಹೊಕ್ಕುಳ ಸುತ್ತ 14 ಇಂಜೆಕ್ಷನ್! ನನ್ನ ವಯಸ್ಸಿನ ಓದುಗರಿಗೆ ಅದರ ಹೆಸರು ಕೇಳಿದರೇ ಹೊಟ್ಟೆ ಹಿಂಡಿದಂತಾದೀತು. ಅಂದಿನಿಂದ ನಾಯಿ ಕಂಡರೆ ನನಗೆ ಅಂಜಿಕೆ. ಅಂಚೆಯವನು ಅಂಜಿದರೆ ಮರ್ಯಾದೆ ಹೋಗುತ್ತದೆಂದು ಹೊರಗೆ ತೋರಿಸುತ್ತಿರಲಿಲ್ಲ, ಅಷ್ಟೆ.

ಆದ್ದರಿಂದ ಕಳೆದ ವರ್ಷ ಬೇಸಿಗೆಯಲ್ಲಿ ಬೀಳಗಿಯಿಂದ ಮಗಳು ಫೋನ್ ಮಾಡಿ, "ಅಪ್ಪಾ, ಇಲ್ಲೊಂದು ಮುಧೋಳ ನಾಯಿ ಐತಿ. ಯಾರೂ ಒಯ್ಯಲಿಲ್ಲಂದ್ರ ಅದು ಉಳಿಯೂದಿಲ್ಲ. ನೀವು ಇಟ್ಕೋತೀರೇನು?" ಎಂದಾಗ ನಾನು ಉತ್ತರ ಕೊಡದೆ ಫೋನನ್ನು ನಮ್ಮಾಕೆಯ ಕೈಗೆ ಕೊಟ್ಟು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತೆ. ತಿರುಗಿ ಒಳಗೆ ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಐದನೇ ಇಯತ್ತೆಯ ಮೊಮ್ಮಗ ಪಡಸಾಲೆಯ ತುಂಬ ಕುಣಿಯುತ್ತಿದ್ದ.

ಬೀಳಗಿ ಕಡೆಯ ಒಂದು ತೋಟದ ಮನೆಯಲ್ಲಿತ್ತು ಆ ನಾಯಿ. ಮರಿಯಿದ್ದಾಗ ಯಾರೋ ಆಸೆಪಟ್ಟು ಕೊಂಡು ತಂದಿದ್ದರಂತೆ. ಅವರು ಊರು ಬಿಟ್ಟ ಮೇಲೆ ಅದು ಎರಡು ಮೊಳದ ಸರಪಳಿಯಲ್ಲಿ ಬೇವಿನ ಗಿಡದ ಬುಡಕ್ಕೆ ಉಳಿದುಕೊಂಡಿತ್ತು. ನೆನಪಾದಾಗ ಒಂದು ರೊಟ್ಟಿ, ನೆನಪಾಗದಿದ್ದರೆ ಇಲ್ಲ. ಹತ್ತಿರ ಬಂದವರ ಕೈಯಲ್ಲಿ ಹೆಚ್ಚಾಗಿ ಕಸಬರಿಗೆಯೋ ಕೋಲೋ ಇರುತ್ತಿತ್ತೆಂದು ಕಾಣುತ್ತದೆ. ಹಾಗೆಂದು ನಮಗೆ ಯಾರೂ ಹೇಳಲಿಲ್ಲ, ನಾಯಿಯೇ ಆಮೇಲೆ ಹೇಳಿತು. ಒಂದೂವರೆ ವರ್ಷದ ಹೆಣ್ಣು ನಾಯಿ. ಬೂದಿ ಬಣ್ಣ. ಪಕ್ಕೆಲುಬು ಎಣಿಸಬಹುದಿತ್ತು. ಕುತ್ತಿಗೆಯಲ್ಲಿ ಸರಪಳಿ ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಪ್ರಾಣಿಯನ್ನು ಹೀಗೆ ಗಿಡ್ಡ ಸರಪಳಿಯಲ್ಲಿ ಹೊತ್ತುಗೊತ್ತಿಲ್ಲದೆ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಬಂದು ಅರವತ್ತು ವರ್ಷ ದಾಟಿದರೂ ಅದು ಬೇವಿನ ಗಿಡದ ತನಕ ತಲುಪಿರಲಿಲ್ಲ.

ಅಲ್ಲಿಂದ ನೇರವಾಗಿ ಜಮಖಂಡಿಗೆ, ಪಶುವೈದ್ಯರ ಹತ್ತಿರ. ಮಗಳ ಗಂಡ ಕಾರು ಓಡಿಸುತ್ತಿದ್ದ. ನಾನು ಮುಂದಿನ ಸೀಟಿನಲ್ಲಿ ಬೆನ್ನು ಸೆಟೆಸಿ ಕುಳಿತಿದ್ದೆ. ಹಿಂದಿನ ಸೀಟಿನ ಕೆಳಗೆ ನಾಯಿ ಮುದ್ದೆಯಾಗಿ ಬಿದ್ದಿತ್ತು. ದಾರಿಯುದ್ದಕ್ಕೂ ಅದು ಒಂದು ಸಲವೂ ಬೊಗಳಲಿಲ್ಲ. ಬೊಗಳಿದ್ದರೆ ನನಗೆ ಅರ್ಥವಾಗುತ್ತಿತ್ತು. ಆ ಮೌನಕ್ಕೆ ಏನು ಹೇಳುವುದೆಂದು ತಿಳಿಯಲಿಲ್ಲ.

ವೈದ್ಯರು ಹುಣ್ಣು ತೊಳೆದು ಮುಲಾಮು ಹಚ್ಚಿದರು, ಉಣ್ಣಿ ತೆಗೆದರು, ಜಂತುಹುಳದ ಔಷಧ ಮತ್ತು ರೇಬಿಸ್ ಲಸಿಕೆ ಹಾಕಿದರು. ಆಮೇಲೆ ನನ್ನ ಮುಖ ನೋಡಿ ನಕ್ಕು, "ಅಜ್ಜಾರ, ಇದು ನಿಮಗ ಅಂಜೈತಿ, ನೀವು ಇದಕ ಅಂಜೀರಿ. ಛಲೋ ಜೋಡಿ ಆತು" ಎಂದರು. ಹೊರಡುವಾಗ ಅವರು ಹೇಳಿದ ಒಂದು ಮಾತು ನನಗೆ ವಿಚಿತ್ರವೆನಿಸಿತ್ತು: "ಮೊದಲ ಹದಿನೈದು ದಿನ ಏನೂ ಮಾಡಬ್ಯಾಡ್ರಿ. ಮುಟ್ಟಬ್ಯಾಡ್ರಿ, ಕರೀಬ್ಯಾಡ್ರಿ, ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ್ರಿ. ಹೊತ್ತಿಗೆ ಸರಿಯಾಗಿ ಅನ್ನ-ನೀರು ಇಟ್ಟು ಸುಮ್ಮನ ಇದ್ದುಬಿಡ್ರಿ." ದುಡ್ಡು ಕೊಟ್ಟು ಕೇಳಿದ ಸಲಹೆ ಇದೇನಾ ಎಂದುಕೊಂಡೆ. ಏನೂ ಮಾಡದೆ ಇರುವುದು ಎಷ್ಟು ಕಷ್ಟದ ಕೆಲಸ ಎಂಬುದು ಮನೆಗೆ ಬಂದ ಮೇಲೆ ಗೊತ್ತಾಯಿತು.

ನಮ್ಮ ಓಣಿಯ ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ರಬಕವಿ-ಬನಹಟ್ಟಿ ನೇಕಾರರ ಊರು. ನನ್ನ ಬಾಲ್ಯದಲ್ಲಿ ಮನೆಮನೆಯಲ್ಲೂ ಕುಣಿಮಗ್ಗ ಇದ್ದವು. ಈಗ ಬಹುತೇಕ ವಿದ್ಯುತ್ ಮಗ್ಗ. ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಪಕ್ಕದವರ ಮಗ್ಗದ ಶೆಡ್ಡು ಇದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಖಟ್-ಪಟ್, ಖಟ್-ಪಟ್. ನಮಗೆ ಅದು ಕೇಳಿಸುವುದೇ ಇಲ್ಲ, ಉಸಿರಾಟದ ಹಾಗೆ ಒಳಗೆ ಸೇರಿಹೋಗಿದೆ. ಬೇರೆ ಊರಿನಿಂದ ಬಂದ ನೆಂಟರು ಮಾತ್ರ ರಾತ್ರಿ ನಿದ್ದೆ ಬರಲಿಲ್ಲವೆಂದು ಕಣ್ಣುಜ್ಜಿಕೊಳ್ಳುತ್ತಾರೆ. ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಯ ಕಿವಿಗೆ 45,000 ಹರ್ಟ್ಸ್‌ವರೆಗೂ ಕೇಳುತ್ತದಂತೆ. ತೋಟದ ಮೌನದಲ್ಲಿ ಬೆಳೆದ ನಾಯಿಗೆ ಈ ಗೋಡೆಯಾಚೆಯ ಖಟ್-ಪಟ್ ಏನೆಂದು ಕೇಳಿಸಿರಬಹುದು!

ಒಳಗೆ ಬಂದದ್ದೇ ಅದು ನಡುಮನೆಯ ಹೊರಸಿನ ಕೆಳಗೆ, ಗೋಡೆಯ ಮೂಲೆಗೆ ಹೋಗಿ ಸೇರಿತು. ಬಾಲ ಹೊಟ್ಟೆಯ ಕೆಳಗೆ, ಕಿವಿ ಹಿಂದಕ್ಕೆ, ಮೈಯೆಲ್ಲ ಸಣ್ಣ ನಡುಕ. ನಮ್ಮಾಕೆ ತನ್ನ ಹಳೇ ಕೌದಿಯೊಂದನ್ನು ಮಡಚಿ ಮೆಲ್ಲಗೆ ಒಳಗೆ ತಳ್ಳಿದಳು. ಈ ತಳಿಯ ನಾಯಿಯ ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು. ಬರಿ ನೆಲದ ಮೇಲೆ ಮಲಗಿದರೆ ಮೊಣಕೈಗೆ ಗಾಯವಾಗುತ್ತದೆ. ಅದನ್ನು ವೈದ್ಯರು ಹೇಳಿದ್ದರು. ಕೌದಿಯನ್ನೇ ಹಾಕಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ. ಅದು ನಮ್ಮಾಕೆಯ ಸ್ವಂತ ಬುದ್ಧಿ.

ಎರಡನೇ ದಿನ ಓಣಿಯವರೆಲ್ಲ ನೋಡಲು ಬಂದರು. ಮುಧೋಳ ನಾಯಿ ಬಂದಿದೆ ಎಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಮುಧೋಳ ನಮಗೆ ಮಹಾಲಿಂಗಪುರ ದಾಟಿದರೆ ಸಿಗುವ ಊರು. ಕವಿ ರನ್ನನ ಸೀಮೆ. ಅಲ್ಲಿಯ ಘೋರ್ಪಡೆ ಅರಸರಲ್ಲಿ ಮಾಲೋಜಿರಾವ್ ಅವರು ಬೇಡರು ಬೇಟೆಗೆ ಒಯ್ಯುತ್ತಿದ್ದ ಈ ತೆಳ್ಳನೆಯ ನಾಯಿಗಳನ್ನು ಕಂಡು, ಆರಿಸಿ ಆರಿಸಿ ತಳಿ ಬೆಳೆಸಿದರೆಂದೂ ಇಂಗ್ಲೆಂಡಿನ ದೊರೆ ಐದನೇ ಜಾರ್ಜರಿಗೆ ಒಂದು ಜೋಡಿ ಕಾಣಿಕೆ ಕೊಟ್ಟರೆಂದೂ ಹೇಳುತ್ತಾರೆ. ಈ ನಾಯಿ ವಾಸನೆ ಹಿಡಿದು ಹೋಗುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ಜಾತಿಯದು. ಉದ್ದ ಮೂತಿ, ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ, ಜಿಂಕೆಯಂಥ ಕಾಲು. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಿಂತುಹೋಗಬೇಕಾದ ಮಾತು. ಓಟ ಮಾತ್ರ ಅದರ ರಕ್ತದಲ್ಲಿ ಹಾಗೇ ಉಳಿದಿದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. 2016ರಲ್ಲಿ ಇಲ್ಲಿಯ ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್‌ಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ರೇಡಿಯೊದ 'ಮನ್ ಕೀ ಬಾತ್'ನಲ್ಲಿ ಇದರ ಹೆಸರು ಹೇಳಿದರು. ನನಗೆ ಎಲ್ಲಕ್ಕಿಂತ ಹೆಚ್ಚಿನ ನೆನಪು 2005ರದು. ಆ ವರ್ಷದ ಜನವರಿ 9ರಂದು ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಿತು: ಹಿಮಾಲಯದ ಕುರಿನಾಯಿ, ರಾಂಪುರ, ರಾಜಪಾಳಯಂ ಮತ್ತು ನಮ್ಮ ಮುಧೋಳ. ನಾಯಿ ಕಂಡರೆ ಓಣಿ ಬದಲಿಸುತ್ತಿದ್ದ ನಾನು ಆ ಚೀಟಿಯನ್ನು ಮಾತ್ರ ಒಂದು ಕೊಂಡು ಪುಸ್ತಕದ ನಡುವೆ ಇಟ್ಟುಕೊಂಡಿದ್ದೆ. ಚೀಟಿಯ ಮೇಲಿನ ನಾಯಿ ಕಚ್ಚುವುದಿಲ್ಲವಲ್ಲ.

ಇಷ್ಟು ದೊಡ್ಡ ಹೆಸರಿನ ನಾಯಿಯನ್ನು ನೋಡಲು ಬಂದವರಿಗೆ ಕಂಡದ್ದು ಹೊರಸಿನ ಕೆಳಗಿನ ಎರಡು ಹೊಳೆಯುವ ಕಣ್ಣು ಮಾತ್ರ. ಅಷ್ಟರಲ್ಲಿ ನಮ್ಮಾಕೆ ಕಸ ಹೊಡೆಯಲು ಕಸಬರಿಗೆ ಹಿಡಿದು ಬಂದಳು. ನಾಯಿ ಗೋಡೆಯೊಳಗೆ ತೂರಿಕೊಳ್ಳುವವರ ಹಾಗೆ ಒತ್ತಿಕೊಂಡು, ಅಲ್ಲೇ ಉಚ್ಚೆ ಹೊಯ್ದುಬಿಟ್ಟಿತು. "ಮಿಲಿಟ್ರಿಗೆ ಹೋಗೂ ಜಾತಿ ಅಂತೀರಿ, ಕಸಬರಿಗಿಗೆ ಅಂಜತೈತಲ್ರೀ!" ಎಂದು ಯಾರೋ ನಕ್ಕರು. ನಮ್ಮಾಕೆ ನಗಲಿಲ್ಲ. ಕಸಬರಿಗೆಯನ್ನು ಹಿತ್ತಲಿಗೆ ಒಯ್ದು ಇಟ್ಟು, ಅರಿವೆ ತಂದು ಸುಮ್ಮನೆ ಒರೆಸಿದಳು. ಆ ಹೊತ್ತಿಗೆ ನನಗೆ ನನ್ನ ಮೀನಖಂಡ ನೆನಪಾಯಿತು. ಒಂದೇ ಒಂದು ನಾಯಿ ಒಂದೇ ಒಂದು ಸಲ ಕಚ್ಚಿದ್ದಕ್ಕೆ ನಾನು ಮೂವತ್ತು ವರ್ಷ ಎಲ್ಲ ನಾಯಿಗೂ ಅಂಜಿದವನು. ದಿನವೂ ಕೋಲು ಕಂಡದ್ದು ಎರಡು ದಿನದಲ್ಲಿ ಮರೆಯಲಿ ಎಂದು ಯಾವ ಬಾಯಿಂದ ಹೇಳಲಿ?

ಅಂದಿನಿಂದ ನೋಡುವವರನ್ನು ಕಟ್ಟೆಯ ಮೇಲೇ ಕೂರಿಸಿ ಚಹಾ ಕೊಟ್ಟು ಕಳಿಸುವ ನಿಯಮ ಮಾಡಿದೆವು.

ಮೊಮ್ಮಗನನ್ನು ತಡೆಯುವುದೇ ದೊಡ್ಡ ಕೆಲಸ. "ಅಜ್ಜಾ, ಬರೇ ಒಮ್ಮೆ ಮುಟ್ಲೇನು? ಬರೇ ಬೆರಳಿಲೆ?" ಎಂದು ಗೋಗರೆಯುತ್ತಿದ್ದ. ನಾಯಿ ಹಲ್ಲು ತೋರಿಸಿ ಗುರ್ ಎನ್ನುವ ಮೊದಲೇ ಹತ್ತು ರೀತಿಯಲ್ಲಿ 'ಬೇಡ' ಎನ್ನುತ್ತದೆ. ಮುಖ ತಿರುಗಿಸುತ್ತದೆ. ನಿದ್ದೆಯಿಲ್ಲದೆಯೂ ಆಕಳಿಸುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ. ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುತ್ತದೆ. ಕಲ್ಲಿನ ಹಾಗೆ ಬಿಗಿದು ನಿಂತುಬಿಡುತ್ತದೆ. ಇಷ್ಟೆಲ್ಲ ಹೇಳಿದರೂ ನಾವು ಕೇಳದಿದ್ದಾಗ ಗುರ್ ಎನ್ನುತ್ತದೆ. ಗುರ್ ಎಂದದ್ದಕ್ಕೆ ಹೊಡೆದರೆ ಅದು ಗುರ್ ಎನ್ನುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ. ಇದನ್ನೆಲ್ಲ ಮೊಮ್ಮಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ದಿನವೂ ಸಂಜೆ ಹೊರಸಿನಿಂದ ನಾಲ್ಕು ಮೊಳ ದೂರ ಕುಳಿತು, ನಾಯಿಗೆ ಬೆನ್ನು ಮಾಡಿ, ಶಾಲೆಯ ಪಾಠವನ್ನು ಗಟ್ಟಿಯಾಗಿ ಓದುವುದು ಅವನ ಕೆಲಸವಾಯಿತು. ಧ್ವನಿ ಪರಿಚಯವಾಗಲಿ ಎಂದು. ಪರೀಕ್ಷೆಯಲ್ಲಿ ಅವನಿಗೆ ಹೆಚ್ಚು ಅಂಕ ಬಂದದ್ದು ನಾಯಿಯಿಂದಲೇ ಎಂದು ಅವರಮ್ಮ ಈಗಲೂ ಹೇಳುತ್ತಾಳೆ.

(ಮಕ್ಕಳೇ, ನಡುವೆ ಒಂದು ಮಾತು. ಯಾವ ನಾಯಿಯೇ ಕಚ್ಚಲಿ, ಪರಚಲಿ, ಮನೆಯಲ್ಲಿ ಬೈದಾರು ಎಂದು ಮುಚ್ಚಿಡಬೇಡಿ. ತಕ್ಷಣ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ಗಾಯ ತೊಳೆದು ಆಸ್ಪತ್ರೆಗೆ ಹೋಗಿ. ಅರಿಷಿಣ, ಸುಣ್ಣ, ಕಾರ ಏನೂ ಹಚ್ಚುವುದು ಬೇಡ. ಈಗಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ, ನಾಲ್ಕೈದು ಸಲ ಅಷ್ಟೆ. ನಮ್ಮ ಕಾಲದ 14 ಅಲ್ಲ.)

ಊಟದ ವಿಷಯ. ನಮ್ಮದು ಮೊಟ್ಟೆ ಮುಟ್ಟದ ಮನೆ. ಜೋಳದ ನುಚ್ಚು, ಹಾಲು, ಬೇಳೆ ನಡೆಯುತ್ತದೆ, ಆದರೆ ಸೊರಗಿದ ನಾಯಿಗೆ ಮೊಟ್ಟೆ ಬೇಕೇ ಬೇಕು ಎಂದರು ವೈದ್ಯರು. ಎರಡು ದಿನ ಮನೆಯಲ್ಲಿ ಯಾರೂ ಈ ಮಾತು ಎತ್ತಲಿಲ್ಲ. ಮೂರನೇ ದಿನ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಒಂದು ಹಳೇ ಡಬರಿ. ನಮ್ಮಾಕೆ ಮುಖ ಆ ಕಡೆ ತಿರುಗಿಸಿಕೊಂಡು ಮೊಟ್ಟೆ ಬೇಯಿಸುತ್ತಿದ್ದಳು! ಉಳ್ಳಾಗಡ್ಡಿ ಹಾಕಿದ ಸಾರು, ಪಲ್ಯ ಮಾತ್ರ ನಾಯಿಗೆ ಕೊಡಬಾರದು. ಚಾಕೊಲೇಟ್, ದ್ರಾಕ್ಷಿಯೂ ಅದಕ್ಕೆ ವಿಷ. ನಮ್ಮ ಕಡೆಯ ಅಡುಗೆಯಲ್ಲಿ ಉಳ್ಳಾಗಡ್ಡಿ ಇಲ್ಲದ್ದು ಯಾವುದು? ಹೀಗಾಗಿ ಅದರ ಅಡುಗೆಯೇ ಬೇರೆಯಾಯಿತು.

ಅನ್ನ ಇಡುವಾಗ ಸ್ಟೀಲಿನ ತಾಟಿಗೆ ಚಮಚದಿಂದ ಮೂರು ಸಲ ಟಣ್ ಟಣ್ ಟಣ್ ಎಂದು ಬಡಿಯುವುದು ನನ್ನ ಉಪಾಯ. ರಷ್ಯಾದ ಇವಾನ್ ಪಾವ್ಲೊವ್ ಎಂಬ ವಿಜ್ಞಾನಿಯ ಪಾಠ ಶಾಲೆಯಲ್ಲಿ ಓದಿದ್ದು ನೆನಪಿತ್ತು. 1904ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು. ಅನ್ನಕ್ಕೆ ಮೊದಲು ದಿನವೂ ಒಂದೇ ಸದ್ದು ಕೇಳಿಸಿದರೆ, ಆಮೇಲೆ ಬರೀ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ತೋರಿಸಿಕೊಟ್ಟವರು. ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ, ಅಂಚೆ ಹೊತ್ತಿನ ಹಾಗೆ ತಪ್ಪದೆ ತಾಟು ಬಡಿದು ಹೊರಸಿನ ಹತ್ತಿರ ಇಟ್ಟು ನಾನು ಎದ್ದು ಹೋಗುತ್ತಿದ್ದೆ. ನಾನಿದ್ದರೆ ಅದು ಉಣ್ಣುತ್ತಿರಲಿಲ್ಲ. ಹೋಗಿ ಬಂದು ನೋಡಿದರೆ ತಾಟು ಖಾಲಿ.

ಹೀಗೆ ಹನ್ನೊಂದು ದಿನ. ನಡುರಾತ್ರಿ ಮಗ್ಗ ನಿಂತ ಮೇಲೆ ಹಿತ್ತಲಿಗೆ ಹೋಗಿ ಬರುವುದು ಬಿಟ್ಟರೆ ಅದು ಹೊರಸಿನ ಕೆಳಗಿಂದ ಕದಲಲಿಲ್ಲ. ಅದು ಹೊರಗೆ ಹೋಗುವಾಗ ನಾನು ಎಚ್ಚರವಿದ್ದೂ ನಿದ್ದೆ ಬಂದವನ ಹಾಗೆ ಬಿದ್ದುಕೊಂಡಿರುತ್ತಿದ್ದೆ. ಉಗುರು ನೆಲಕ್ಕೆ ತಾಗುವ ಚಿಕ್ಕ ಸದ್ದು ನನ್ನ ಹಾಸಿಗೆಯ ಪಕ್ಕದಲ್ಲೇ ಹಾದುಹೋದಾಗ ಎದೆ ಡವಗುಟ್ಟುತ್ತಿತ್ತು. ಅಂಜಿಕೆ ನನ್ನದೋ ಅದರದೋ ಹೇಳಲಾರೆ.

ಹನ್ನೆರಡನೇ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು. ಕರೆಂಟ್ ಹೋದಾಗ ನಮ್ಮೂರಿನಲ್ಲಿ ಬೀಳುವ ಮೌನ ಇದೆಯಲ್ಲ, ಅದು ಬೇರೆ ಊರಿನವರಿಗೆ ಗೊತ್ತಿಲ್ಲ. ಗುಬ್ಬಿ ಚಿಲಿಪಿಲಿ, ಯಾರದೋ ಮನೆಯ ರೊಟ್ಟಿ ಬಡಿಯುವ ಸದ್ದು, ಎಲ್ಲ ಒಮ್ಮೆಲೇ ಕೇಳತೊಡಗುತ್ತವೆ. ನಾನು ನಡುಮನೆಯಲ್ಲಿ ಗೋಡೆಗೆ ಒರಗಿ ಪೇಪರ್ ಓದುತ್ತಿದ್ದೆ. ಹೊರಸಿನ ಕೆಳಗಿಂದ ಮೊದಲು ಮೂತಿ ಬಂತು. ಆಮೇಲೆ ಒಂದು ಕಾಲು. ಪೂರ್ತಿ ಹೊರಗೆ ಬಂದು ಅದು ಮೈ ಮುರಿಯಿತು. ಅಷ್ಟು ಉದ್ದದ ನಾಯಿ ಎಂದು ನನಗೆ ಅಂದೇ ಗೊತ್ತಾದದ್ದು. ನಾನು ಪೇಪರಿನಿಂದ ಕಣ್ಣೆತ್ತಲಿಲ್ಲ, ಹಾಳೆಯನ್ನೂ ತಿರುವಲಿಲ್ಲ. ಒಂದೇ ಸುದ್ದಿಯನ್ನು ಏಳೆಂಟು ಸಲ ಓದಿರಬೇಕು, ಏನು ಸುದ್ದಿಯೋ ನೆನಪಿಲ್ಲ. ಅದು ಹತ್ತಿರ ಬಂತು. ನನ್ನ ಧೋತರದ ಅಂಚು ಮೂಸಿತು. ಆಮೇಲೆ ಮೀನಖಂಡ. ಮೂಗು ತಣ್ಣಗಿತ್ತು. ಹಳೇ ಗಾಯದ ಕಲೆಯ ಹತ್ತಿರ ಬಿಸಿ ಉಸಿರು ತಾಗಿದಾಗ ನಾನು ಕಣ್ಣು ಮುಚ್ಚಿ ಗುರುಮಹಾರಾಜರನ್ನು ನೆನೆದೆ.

ಕರೆಂಟ್ ಬಂತು. ಖಟ್-ಪಟ್! ನಾಯಿ ಮಾಯ.

ಮಗ್ಗವನ್ನು ನಿಲ್ಲಿಸಿ ಎಂದು ಪಕ್ಕದವರಿಗೆ ಹೇಳಲಾದೀತೇ? ಅದು ಅವರ ಹೊಟ್ಟೆಪಾಡು. ನಾಯಿಯೇ ಮಗ್ಗಕ್ಕೆ ಹೊಂದಬೇಕಿತ್ತು. ನಾವು ಮಾಡಿದ್ದಿಷ್ಟು: ಮಗ್ಗದ ಗೋಡೆಗೆ ಎಲ್ಲಕ್ಕಿಂತ ದೂರವಾದ ಹಿತ್ತಲ ಕೋಣೆಗೆ ಅದರ ಕೌದಿ ಒಯ್ದೆವು. ಅಲ್ಲಿ ಸದ್ದು ಮಂದ. ಮಗ್ಗ ನಡೆಯುತ್ತಿರುವಾಗಲೇ ಅಲ್ಲಿ ಊಟ, ಅಲ್ಲಿ ಬೆಲ್ಲದ ಚೂರಿನಷ್ಟು ಮೊಟ್ಟೆಯ ತುಣುಕು. ಮಗ್ಗ ನಿಂತಾಗ ವಿಶೇಷ ಏನೂ ಇಲ್ಲ. ಮೂರ್ನಾಲ್ಕು ದಿನಕ್ಕೊಮ್ಮೆ ತಾಟನ್ನು ಒಂದು ಗೇಣು ಮುಂದಕ್ಕೆ. ಉಣ್ಣುವುದನ್ನು ಬಿಟ್ಟು ತಲೆ ಎತ್ತಿತೆಂದರೆ ಮರುದಿನ ಎರಡು ಗೇಣು ಹಿಂದಕ್ಕೆ. ಹೊಸ ಮನೆಗೆ ಬಂದ ನಾಯಿಗೆ ಬೆದರು ಇಳಿಯಲು ಮೂರು ದಿನ, ದಿನಚರಿ ತಿಳಿಯಲು ಮೂರು ವಾರ, ತನ್ನ ಮನೆ ಅನ್ನಿಸಲು ಮೂರು ತಿಂಗಳು ಎಂದು ನಾಯಿ ಸಾಕುವವರಲ್ಲಿ ಒಂದು ಲೆಕ್ಕವಿದೆ. ನಮ್ಮದು ಆ ಲೆಕ್ಕಕ್ಕೆ ಸಿಗಲಿಲ್ಲ. ಹಿತ್ತಲ ಕೋಣೆಯಿಂದ ನಡುಮನೆಗೆ, ಹದಿನೈದು ಹೆಜ್ಜೆಯ ದಾರಿಗೆ, ಎರಡೂವರೆ ತಿಂಗಳು ಹಿಡಿಯಿತು.

ಅಷ್ಟು ದಿನವೂ ಅದಕ್ಕೆ ಹೆಸರಿರಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಊರ ಹೊರಗೆ ಪರಿಚಯದವರ ಬೇಲಿ ಹಾಕಿದ ಹೊಲವೊಂದರಲ್ಲಿ ಮೊದಲ ಬಾರಿಗೆ ಹಗ್ಗ ಬಿಚ್ಚಿದೆವು. ಒಂದು ಗಳಿಗೆ ಅದು ನಂಬದವರ ಹಾಗೆ ನಿಂತಿತು. ಆಮೇಲೆ ಓಡಿತು. ಆ ಬದುವಿನಿಂದ ಈ ಬದುವಿಗೆ, ಈ ಬದುವಿನಿಂದ ಆ ಬದುವಿಗೆ, ನೆಲಕ್ಕೆ ಕಾಲು ತಾಗುವುದೇ ಕಾಣದ ಹಾಗೆ. ಮೊಮ್ಮಗ ಕಿರುಚಿದ: "ಅಜ್ಜಾ, ಲಾಳಿ! ಲಾಳಿ ಓಡಿಧಂಗ ಓಡತೈತಿ!" ಮಗ್ಗದಲ್ಲಿ ಹಾಸಿನ ನಡುವೆ ಆ ಬದಿಗೂ ಈ ಬದಿಗೂ ಹಾರುವ ಲಾಳಿಯನ್ನು ಹುಟ್ಟಿದಾಗಿನಿಂದ ನೋಡಿದ ಹುಡುಗನಿಗೆ ಬೇರೆ ಹೋಲಿಕೆ ಹೊಳೆಯುವುದಾದರೂ ಹೇಗೆ? ಯಾವ ಸದ್ದಿಗೆ ಅಂಜುತ್ತಿತ್ತೋ ಅದರ ಹೆಸರೇ ಅದಕ್ಕೆ ಬಂತು.

ಎಲ್ಲ ಸರಿಹೋಯಿತು ಅನ್ನುವಾಗ ದೀಪಾವಳಿ ಬಂತು.

ಪಟಾಕಿಯ ಬಗ್ಗೆ ತಯಾರಿ ಮಾಡಿದ್ದೆವು. ಕಿಟಕಿಗೆ ಕಂಬಳಿ, ರೇಡಿಯೊ ಜೋರಾಗಿ, ಹಿತ್ತಲ ಕೋಣೆಯಲ್ಲಿ ಕೌದಿ, ಜೊತೆಗೆ ನಮ್ಮಾಕೆ. ನರಕ ಚತುರ್ದಶಿ, ಅಮಾವಾಸ್ಯೆ ಎರಡೂ ಹೇಗೋ ಕಳೆದವು. ಪಾಡ್ಯದ ದಿನ ನಸುಕಿನಲ್ಲಿ ಊರೆಲ್ಲ ಮಲಗಿದೆಯೆಂದು ಹಗ್ಗ ಕಟ್ಟಿ ಹೊರಗೆ ಕರೆದೊಯ್ದೆ. ಓಣಿ ದಾಟಿ ಮಹಾಲಿಂಗಪುರದ ರಸ್ತೆಗೆ ಬಂದಾಗ ಹಿಂದೆ ಎಲ್ಲೋ ಒಂದು ಸರಪಟಾಕಿ ಸಿಡಿಯಿತು. ನಾಯಿ ಹಿಂದಕ್ಕೆ ಜಗ್ಗಿತು. ಮರುಕ್ಷಣ ಕೊರಳಪಟ್ಟಿ ನನ್ನ ಕೈಯಲ್ಲಿ, ನಾಯಿ ಇಲ್ಲ.

ತಪ್ಪು ನನ್ನದೇ. ಈ ತಳಿಯ ನಾಯಿಗೆ ಕುತ್ತಿಗೆ ದಪ್ಪ, ತಲೆ ಸಪೂರ. ಸಾಮಾನ್ಯ ಪಟ್ಟಿ ಕಿವಿಯ ಮೇಲಿಂದ ಸಲೀಸಾಗಿ ಜಾರಿಬಿಡುತ್ತದೆ. ಅಗಲವಾದ, ಜಗ್ಗಿದರೆ ತುಸುವೇ ಬಿಗಿಯಾಗುವ ಪಟ್ಟಿ ಬೇಕು, ಜೊತೆಗೆ ಎದೆಗೂ ಒಂದು ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ವೈದ್ಯರು ಹೇಳಿದ್ದರು. ಕುತ್ತಿಗೆಯ ಹಳೇ ಹುಣ್ಣಿನ ಕಲೆ ನೋಡಿ ಮರುಗಿ, ನಾನೇ ಪಟ್ಟಿಯನ್ನು ಒಂದು ತೂತು ಸಡಿಲ ಮಾಡಿದ್ದೆ.

ಊರಿನ ಹುಡುಗರೆಲ್ಲ ಬೈಕ್ ಹತ್ತಿದರು. "ಲಾಳೀ, ಲಾಳೀ" ಎಂದು ಎಲ್ಲ ದಿಕ್ಕಿನಿಂದಲೂ ಕೂಗು. ಒಬ್ಬರು ಕಂಡೆವೆಂದರು, ಅಟ್ಟಿಸಿಕೊಂಡು ಹೋದರು. ಅದು ಇನ್ನೂ ದೂರ ಓಡಿತು. ಸುತ್ತ ಎಲ್ಲ ಕಬ್ಬು, ಆಳೆತ್ತರ ದಾಟಿದ ಕಬ್ಬು. ರಸ್ತೆಯಲ್ಲಿ ಕಬ್ಬು ತುಂಬಿದ ಟ್ರಾಕ್ಟರ್‌ಗಳು. ಕೆಲವು ಹೊಲಗಳಿಗೆ ಕಾಡುಹಂದಿ ಬರದಂತೆ ತಂತಿ. ಮಧ್ಯಾಹ್ನದ ಹೊತ್ತಿಗೆ ಮೊಮ್ಮಗ ಉಣ್ಣದೆ ಕಟ್ಟೆಯ ಮೇಲೆ ಕುಳಿತಿದ್ದ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಜಮಖಂಡಿಯ ವೈದ್ಯರಿಗೆ ಫೋನ್ ಮಾಡಿದೆ. "ಎಲ್ಲಾರನ್ನೂ ವಾಪಸ್ ಕರೀರಿ," ಎಂದರು ಅವರು. "ಅಂಜಿದ ನಾಯಿ ಹೆಸರು ಕೂಗಿದರ ಬರೂದಿಲ್ಲ, ಬೆನ್ನು ಹತ್ಯಾರ ಅಂತನ ತಿಳೀತೈತಿ. ಕಡೀಕ ಕಂಡ ಜಾಗಾದಾಗ ಅದರ ಹಾಸಿಗಿ ಹಾಕಿ, ಒಬ್ಬರ ಕುಂಡ್ರ್ರಿ. ಸುಮ್ಮನ."

ಮತ್ತೆ ಅದೇ ಔಷಧ. ಸುಮ್ಮನಿರುವುದು.

ಹೊಲಕ್ಕೆ ನೀರು ಹಾಯಿಸುತ್ತಿದ್ದ ರೈತರೊಬ್ಬರು ಕಾಲುವೆಯ ಪಕ್ಕ ಬೂದಿ ನಾಯಿಯೊಂದನ್ನು ಕಂಡೆ ಎಂದು ಹೇಳಿಕಳಿಸಿದರು. ಸಂಜೆ ನಾನು ಕೌದಿ, ತಾಟು, ಚಮಚ, ಡಬ್ಬಿಯಲ್ಲಿ ನುಚ್ಚು-ಮೊಟ್ಟೆ ತೆಗೆದುಕೊಂಡು ಅಲ್ಲಿಯ ಬದುವಿನ ಮೇಲೆ ಹೋಗಿ ಕುಳಿತೆ. ಮಗ ಜೊತೆಗೆ ಇರುತ್ತೇನೆಂದ, ರಸ್ತೆಯಲ್ಲಿ ಕಾರಿನೊಳಗೆ ಇರು ಎಂದೆ. ಅಮಾವಾಸ್ಯೆಯ ಮರುರಾತ್ರಿ, ಚಂದ್ರ ಇಲ್ಲ. ಕಬ್ಬಿನ ಎಲೆ ಸರಸರ ಎಂದರೂ ಬೆಚ್ಚಿಬೀಳುವಂತಾಗುತ್ತಿತ್ತು. ಆರು ಗಂಟೆಗೆ ತಾಟು ಬಡಿದೆ: ಟಣ್ ಟಣ್ ಟಣ್. ಏನೂ ಇಲ್ಲ. ಎಂಟಕ್ಕೆ ಬಡಿದೆ. ಹನ್ನೊಂದಕ್ಕೆ ಬಡಿದೆ. ಸುಮ್ಮನಿರಲು ಆಗದೆ ಮೊಮ್ಮಗನ ಹಾಗೆ ಏನಾದರೂ ಗಟ್ಟಿಯಾಗಿ ಹೇಳೋಣವೆಂದು ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ನನ್ನ ಬಾಯಿಗೆ ಬಂದದ್ದು ಹಳೇ ಬೀಟಿನ ಮನೆಗಳ ಹೆಸರು. ಓಣಿ ಹಿಡಿದು, ಮನೆ ಹಿಡಿದು, ಯಾವ ಮನೆಯಲ್ಲಿ ಯಾವ ನಾಯಿ ಎಂಬುದರ ಸಮೇತ.

ನಾಲ್ಕು ಗಂಟೆ ಇರಬಹುದು. ತೂಕಡಿಕೆ ಬಂದಿತ್ತು. ಹಿಂದೆ ಏನೋ ಇದೆ ಎನಿಸಿತು. ತಿರುಗಲಿಲ್ಲ. ಚಮಚ ಎತ್ತಿ ಮೆಲ್ಲಗೆ ಮೂರು ಸಲ ತಾಟಿಗೆ ತಾಗಿಸಿದೆ. ಸ್ವಲ್ಪ ಹೊತ್ತಾದ ಮೇಲೆ ನೆಕ್ಕುವ ಸದ್ದು. ಕೈ ಚಾಚಿದ್ದರೆ ಸಿಗುತ್ತಿತ್ತು. ಚಾಚಲಿಲ್ಲ. ಉಂಡು ಮುಗಿಸಿ ಅದು ಕೌದಿಯನ್ನು ಮೂಸಿತು, ಕಾಲಿನಿಂದ ಎರಡು ಸಲ ಕೆರೆದು ಮಲಗಿತು. ಇನ್ನೂ ಸ್ವಲ್ಪ ಹೊತ್ತಿಗೆ ಅದರ ಉದ್ದನೆಯ ಗದ್ದ ನನ್ನ ಕಾಲಿನ ಮೇಲೆ ಬಂತು. ಅದೇ ಕಾಲು. ಮೈಯೆಲ್ಲ ಇಬ್ಬನಿ, ಕಬ್ಬಿನ ಎಲೆ ಕೊಯ್ದ ಗೀರುಗಳು. ಆಗ ಪಟ್ಟಿ ಹಾಕಿದೆ, ಒಂದು ತೂತು ಬಿಗಿಯಾಗಿ. ಅದು ತಲೆ ತಗ್ಗಿಸಿಕೊಟ್ಟಿತು.

ಬೆಳಕು ಹರಿಯುವ ತನಕ ನಾವಿಬ್ಬರೂ ಅಲ್ಲೇ ಕುಳಿತಿದ್ದೆವು. ಮಗ ಕಾರಿನಿಂದ ಎರಡು ಸಲ ಫೋನ್ ಮಾಡಿದ್ದ. ನಾನು ಎತ್ತಲಿಲ್ಲ.

ಈಗ ಲಾಳಿ ಬಂದು ವರ್ಷವಾಯಿತು. ಮೈ ತುಂಬಿದೆ, ಬೂದಿ ಬಣ್ಣಕ್ಕೆ ರೇಷ್ಮೆಯ ಹೊಳಪು ಬಂದಿದೆ. ಈ ಜಾತಿಗೆ ಪರರ ಕೈ ಮುಟ್ಟುವುದು ಹುಟ್ಟಿನಿಂದಲೇ ಹಿಡಿಸುವುದಿಲ್ಲ, ಹಾಗಾಗಿ ಬಂದವರೆಲ್ಲರ ಮುಂದೆ ಬಾಲ ಆಡಿಸುವ ನಾಯಿ ಇದಾಗಲಿಲ್ಲ, ಆಗುವುದೂ ಇಲ್ಲ. ಕಸಬರಿಗೆ ಕಂಡರೆ ಇವತ್ತಿಗೂ ಎದ್ದು ಹಿತ್ತಲಿಗೆ ಹೋಗುತ್ತದೆ. ಓಡುವುದಿಲ್ಲ, ನಡೆದು ಹೋಗುತ್ತದೆ. ಅದು ಹೋದ ಮೇಲೆಯೇ ನಮ್ಮಾಕೆ ಕಸ ಹೊಡೆಯುವುದು. ಮುಧೋಳದ ಮರಿ ಕೊಡಿಸಿ ಎಂದು ಊರಿಂದೂರಿಗೆ ಫೋನ್ ಮಾಡುವವರು ಈಗ ಬಹಳ ಇದ್ದಾರೆ. ನನ್ನನ್ನು ಕೇಳಿದವರಿಗೆ ನಾನು ಎರಡು ಪ್ರಶ್ನೆ ಹಾಕುತ್ತೇನೆ: ಅದು ದಿನವೂ ಓಡಲು ನಿಮ್ಮಲ್ಲಿ ಜಾಗ ಇದೆಯೇ? ಮತ್ತೆ, ಎರಡೂವರೆ ತಿಂಗಳಲ್ಲಿ ಹದಿನೈದು ಹೆಜ್ಜೆ ನಡೆಯುವಷ್ಟು ಪುರುಸೊತ್ತು ಇದೆಯೇ? ಅರ್ಧ ಜನ ಅಲ್ಲಿಗೇ ಫೋನ್ ಇಡುತ್ತಾರೆ.

ಮಧ್ಯಾಹ್ನ ನಾನು ನಡುಮನೆಯಲ್ಲಿ ಪೇಪರ್ ಓದುವಾಗ ಲಾಳಿ ಹೊರಸಿನ ಮೇಲೆ, ಕೌದಿಯ ಮೇಲೆ, ನಾಲ್ಕೂ ಕಾಲು ಚಾಚಿ ಮಲಗಿರುತ್ತದೆ. ಗೋಡೆಯಾಚೆ ಮಗ್ಗಗಳು ಖಟ್-ಪಟ್ ಎನ್ನುತ್ತಿರುತ್ತವೆ. ಮೊನ್ನೆ ಕರೆಂಟ್ ಹೋಯಿತು. ಓಣಿ ಸ್ತಬ್ಧವಾಯಿತು. ಲಾಳಿ ಥಟ್ಟನೆ ತಲೆ ಎತ್ತಿ, ಕಿವಿ ನಿಮಿರಿಸಿ, ಇದೇನಾಯಿತು ಎಂಬಂತೆ ನನ್ನ ಮುಖ ನೋಡಿತು.

"ಬರತೈತಿ, ಮಲಕೋ" ಎಂದೆ.